ಬೇಳೆಯಲ್ಲಿ ಸಿಕ್ಕ ಕಲ್ಲು

ಬೆಳಿಗ್ಗೆ ತೊಗರಿಬೇಳೆ ಆರಿಸುವಾಗ ಒಂದು ಉದ್ದನೆಯ ಕಲ್ಲು ಸಿಕ್ಕಿತು. ಬಿಸಾಡಲು ಮನಸ್ಸೇ ಬರಲಿಲ್ಲ. ಥೇಟ್ ಇಡಾ!

ಮಂಗಳ, ಗುರುಗಳ ನಡುವೆ ಸುತ್ತುವ ಕ್ಷುದ್ರಗ್ರಹ ಅದು. ಐವತ್ತು ಕಿ.ಮೀ.ಗಿಂತ ಜಾಸ್ತಿ ಉದ್ದದ ಕಲ್ಲು, ಮೈತುಂಬಾ ಗುಳಿ. ಸೂರ್ಯನಿಗೆ ಒಂದು ಸುತ್ತು ಬರಲು ಹತ್ತಿರ ಹತ್ತಿರ 5 ವರ್ಷ ಬೇಕು, ಆದರೆ ತನ್ನ ಸುತ್ತ ತಾನು ತಿರುಗಲು 5 ಗಂಟೆಯೂ ಬೇಡ.

1993ರಲ್ಲಿ ಗೆಲಿಲಿಯೋ ನೌಕೆ ಹತ್ತಿರದಿಂದ ತೆಗೆದ ಫೋಟೋಗಳಲ್ಲಿ ಪಕ್ಕದಲ್ಲೊಂದು ಚುಕ್ಕಿ ಕಂಡಿತು. ಡ್ಯಾಕ್ಟಿಲ್, ಸುಮಾರು ಒಂದೂವರೆ ಕಿ.ಮೀ. ಅಗಲದ ಚಂದ್ರ. ಕ್ಷುದ್ರಗ್ರಹಕ್ಕೂ ಚಂದ್ರ ಇರುತ್ತದೆ ಅಂತ ಖಾತ್ರಿಯಾದದ್ದು ಆಗಲೇ. ಅಷ್ಟು ದೂರದ ಒಂಟಿ ಕಲ್ಲಿಗೂ ಜೊತೆಗೊಂದು ಜೀವ ಇದ್ದ ಹಾಗೆ, ಅಲ್ವಾ?

ನನ್ನ ಕಲ್ಲು ಈಗ ಕಿಟಕಿಯಲ್ಲಿದೆ. ಪಕ್ಕದಲ್ಲಿ ಒಂದೇ ಒಂದು ಕಾಳು ರವೆ ಇಟ್ಟಿದ್ದೇನೆ.