ಒತ್ತಿದರೂ ಏರದ ಒಟ್ಟು

ಅಕ್ಕನ ಮಗ ಡಿಪ್ಲೊಮಾ ಪ್ರಾಜೆಕ್ಟ್‌ಗೆ ಹಾಲಿನ ಡೇರಿ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದ. ಪೈಥಾನ್ ಭಾಷೆ, ವಿಂಡೋ-ಬಟನ್ ಮಾಡೋಕೆ ಅದರ ಜೊತೆಗೇ ಬರುವ ಟಿಕಿಂಟರ್. ಲೀಟರ್ ಹಾಕಿ 'ಸೇರಿಸು' ಒತ್ತಿದರೆ ಆ ಹೊತ್ತಿನ ಒಟ್ಟು ಹಾಲು ಕೆಳಗೆ ಕಾಣಬೇಕು. ಏನೇ ಮಾಡಿದರೂ ಸೊನ್ನೆ. "ಚಿಕ್ಕಮ್ಮ, ಬಟನ್ನೇ ಕೆಲಸ ಮಾಡ್ತಿಲ್ಲ" ಅಂತ ಭಾನುವಾರ ಲ್ಯಾಪ್‌ಟಾಪ್ ತಂದಿಟ್ಟ.

ಬಟನ್ ಚೆನ್ನಾಗೇ ಇತ್ತು. ಟಿಕಿಂಟರ್‌ನಲ್ಲಿ ಬಟನ್ ಹಿಂದಿನ ಫಂಕ್ಷನ್ (ಒತ್ತಿದಾಗ ಓಡುವ ಕೋಡ್ ತುಂಡು) ಕೆಟ್ಟರೂ ವಿಂಡೋ ಮುಚ್ಚಿಕೊಳ್ಳುವುದಿಲ್ಲ. ಎರರ್ ಸುಮ್ನೆ ಹಿಂದೆ, ಪ್ರೋಗ್ರಾಂ ಓಡಿಸಿದ ಟರ್ಮಿನಲ್‌ನಲ್ಲಿ ಬೀಳುತ್ತದೆ. ವಿಂಡೋ ಸರಿಸಿ ನೋಡಿದರೆ ಅಲ್ಲಿ ಅನ್‌ಬೌಂಡ್‌ಲೋಕಲ್‌ಎರರ್ (ಫಂಕ್ಷನ್ ಒಳಗಿನ ಹೆಸರಿಗೆ ಇನ್ನೂ ಏನೂ ಕೊಟ್ಟಿಲ್ಲ ಅನ್ನುವ ದೂರು) ಸಾಲುಗಟ್ಟಿ ನಿಂತಿತ್ತು, ಒತ್ತಿದ ಪ್ರತಿ ಸಲಕ್ಕೂ ಒಂದು.

"ದರ, ಒಟ್ಟು ಎರಡನ್ನೂ ಫಂಕ್ಷನ್ ಹೊರಗೇ ಬರೆದಿದೀನಿ. ದರ ಸಿಗುತ್ತೆ, ಒಟ್ಟು ಯಾಕೆ ಸಿಗಲ್ಲ?"

ಒಳ್ಳೆ ಪ್ರಶ್ನೆ. ದರವನ್ನು ಅವನು ಬರೀ ಓದುತ್ತಿದ್ದ. 'ಒಟ್ಟು' ಅನ್ನೋದಕ್ಕೆ ಹೊಸ ಬೆಲೆ, ಅಂದರೆ ಹೊಸ ಸಂಖ್ಯೆ, ಕೊಡುತ್ತಿದ್ದ. ಫಂಕ್ಷನ್ ಒಳಗೆ ಎಲ್ಲೇ ಒಂದು ಕಡೆ ಬೆಲೆ ಕೊಟ್ಟರೂ ಪೈಥಾನ್ ಆ ಹೆಸರನ್ನು ಇಡೀ ಫಂಕ್ಷನ್ನಿಗೆ ಲೋಕಲ್, ಅಂದರೆ ಅದರೊಳಗಿನದೇ, ಅಂತ ತೀರ್ಮಾನಿಸಿಬಿಡುತ್ತದೆ. ಆಮೇಲೆ 'ಹಳೇ ಒಟ್ಟಿಗೆ ಲೀಟರ್ ಕೂಡಿಸು' ಅಂದರೆ ಆ ಲೋಕಲ್‌ನಲ್ಲಿ ಹಳೇದು ಅಂತ ಏನಿರುತ್ತೆ?

"ಹಾಗಾದ್ರೆ ರಿಟರ್ನ್ ಮಾಡ್ಲಾ?"

ರಿಟರ್ನ್ ಅಂದರೆ ಉತ್ತರವನ್ನು ಕರೆದವರಿಗೆ ಕೊಡೋದು. ಯಾರಿಗೆ? ಆ ಫಂಕ್ಷನ್ನನ್ನು ಕರೆಯೋದು ಮೇನ್‌ಲೂಪ್, ಕ್ಲಿಕ್‌ಗಳಿಗೆ ಕಾಯುತ್ತಾ ಸುತ್ತುವ ಟಿಕಿಂಟರ್ ಭಾಗ. ಫಂಕ್ಷನ್ ಕೊಟ್ಟ ಉತ್ತರವನ್ನು ಅದು ಎಸೆದು ಮುಂದಿನ ಕ್ಲಿಕ್‌ಗೆ ಕಾಯುತ್ತದೆ. ಸಾದಾ ಪ್ರೋಗ್ರಾಂ ಬರೆದು ಬಂದವರು ಎಡವೋದು ಇಲ್ಲೇ. ಫಂಕ್ಷನ್ ಮುಗಿದು ಹೋಗಿರುತ್ತೆ, ವಿಂಡೋ ಮಾತ್ರ ನಿಂತಿರುತ್ತೆ. ಮುಂದಿನ ಕ್ಲಿಕ್‌ಗೂ ಬೇಕಾದ ಬೆಲೆ ಫಂಕ್ಷನ್ ಹೊರಗೆ ಎಲ್ಲಾದರೂ ಉಳಿಯಬೇಕು.

'ಹೊರಗಿನ ಹೆಸರನ್ನೇ ಬಳಸು' ಅನ್ನುವ ಗ್ಲೋಬಲ್ ಅಂತ ಒಂದು ಸಾಲು ಹಾಕಿಸಿದೆ, ಒಟ್ಟು ಏರಿತು. ರುಚಿ ಹತ್ತಿತು ಅನ್ಸುತ್ತೆ, ಕಾಫಿ ಮಾಡಿ ತರೋಷ್ಟರಲ್ಲಿ ಎಲ್ಲ ಫಂಕ್ಷನ್ನಿಗೂ ಗ್ಲೋಬಲ್ ಅಂಟಿಸಿದ್ದ. ಗ್ಲೋಬಲ್ ಅಂದರೆ ಮಹಾಪಾಪ ಅನ್ನುವವರ ಗುಂಪಿನವಳಲ್ಲ ನಾನು. ಸಣ್ಣ ಪ್ರೋಗ್ರಾಂನಲ್ಲಿ ಒಂದೆರಡು ಇದ್ದರೆ ಇರಲಿ. ಆದರೆ ಇವನು ಸಂಜೆಯ ಹಾಲು ಸೇರಿಸಿದರೆ ಬೆಳಗಿನ ಒಟ್ಟೂ ಏರುತ್ತಿತ್ತು. ಯಾವ ಫಂಕ್ಷನ್ ಕೈ ಹಾಕಿತು ಅಂತ ಹುಡುಕೋಕೆ ಫೈಲ್ ಪೂರ್ತಿ ಓದಬೇಕಾಯಿತು.

ನನಗೆ ಜಾಸ್ತಿ ಇಷ್ಟವಾದ ತೊಡಕು ಬೇರೆ. ದರ ಬದಲಿಸೋಕೆ ಎರಡನೇ ವಿಂಡೋ ಇತ್ತು. ದರ ಟೈಪ್ ಮಾಡಿದ್ದು ಕಣ್ಣೆದುರೇ ಇದೆ, ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದನ್ನು ಹಿಡಿದಿಡುವ ಸ್ಟ್ರಿಂಗ್‌ವಾರ್‌ನಿಂದ ಓದಿದರೆ ಖಾಲಿ. ಎರರ್ ಕೂಡ ಇಲ್ಲ. ಆ ವಿಂಡೋವನ್ನೂ ಅವನು ಮೊದಲಿನದರ ಹಾಗೆ ಟಿಕೆ (ಮುಖ್ಯ ವಿಂಡೋ ಮಾಡುವ ಆಜ್ಞೆ) ಅಂತ ಕರೆದೇ ತೆರೆದಿದ್ದ. ಹಾಗೆ ಕರೆದಾಗೆಲ್ಲ ಹಿಂದೆ ಬೇರೆಯೇ ಒಂದು ಟಿಸಿಎಲ್ ಇಂಟರ್‌ಪ್ರಿಟರ್ ಹುಟ್ಟುತ್ತದೆ, ಟಿಕಿಂಟರ್ ಒಳಗೆ ವಿಂಡೋ ಕೆಲಸ ನಡೆಸುವ ಇನ್ನೊಂದು ಭಾಷೆಯ ಎಂಜಿನ್. ಯಾವ ವಿಂಡೋದ್ದು ಅಂತ ಹೇಳದೆ ಮಾಡಿದ ಸ್ಟ್ರಿಂಗ್‌ವಾರ್ ಮೊದಲನೆಯದಕ್ಕೆ ಸೇರುತ್ತದೆ. ಎರಡನೇ ವಿಂಡೋದ ಪೆಟ್ಟಿಗೆ ತನ್ನ ಇಂಟರ್‌ಪ್ರಿಟರ್‌ನಲ್ಲಿ ಅದೇ ಹೆಸರಿನ ಇನ್ನೊಂದು ವೇರಿಯಬಲ್‌ಗೆ ಬರೆಯುತ್ತದೆ. ಒಂದೇ ಹೆಸರಿನ ಇಬ್ಬರಿದ್ದಾಗ ಪಕ್ಕದ ಬೀದಿಯವರಿಗೆ ಹೋಗುವ ಪಾರ್ಸಲ್ ಥರ. ಎರಡನೆಯದನ್ನು ಟಾಪ್‌ಲೆವೆಲ್, ಅಂದರೆ ಮೊದಲಿನದರ ಇಂಟರ್‌ಪ್ರಿಟರ್‌ನಲ್ಲೇ ಇರುವ ವಿಂಡೋ, ಮಾಡಿದ ಕೂಡಲೇ ಸರಿಹೋಯಿತು.

ಕೊನೆಗೆ ಎಲ್ಲವನ್ನೂ ಒಂದು ಕ್ಲಾಸ್‌ಗೆ, ಬೆಲೆಗಳನ್ನೂ ಫಂಕ್ಷನ್‌ಗಳನ್ನೂ ಒಂದೇ ಕಡೆ ಇಡುವ ಕಟ್ಟಿಗೆ, ತಂದೆವು. ಬೆಳಗಿನದಕ್ಕೊಂದು ಒಟ್ಟು, ಸಂಜೆಯದಕ್ಕೊಂದು, ಎರಡೂ ಸೆಲ್ಫ್ ಮೇಲೆ, ಅಂದರೆ ಫಂಕ್ಷನ್ ಮುಗಿದರೂ ಉಳಿಯುವ ಕಡೆ. ಅಷ್ಟರಲ್ಲಿ ಡೇರಿಯ ಲೋಗೋ ಮಾಯ! ಲೋಗೋ ಚಿತ್ರ ಹಿಡಿದಿದ್ದ ಫೋಟೋಇಮೇಜ್ ಈಗ ಒಂದು ಮೆಥಡ್ (ಕ್ಲಾಸ್ ಒಳಗಿನ ಫಂಕ್ಷನ್) ಒಳಗೆ ಲೋಕಲ್ ಆಗಿತ್ತು. ಮೆಥಡ್ ಮುಗಿಯಿತು, ಹಿಡಿದುಕೊಂಡವರಿಲ್ಲ, ಪೈಥಾನ್ ಚಿತ್ರವನ್ನು ಗುಡಿಸಿ ಹಾಕಿತು. ಅದನ್ನು ತೋರಿಸುವ ಲೇಬಲ್‌ಗೆ ಗೊತ್ತಿದ್ದದ್ದು ಚಿತ್ರದ ಹೆಸರು ಮಾತ್ರ. ನಾನು ಬಾಯಿ ಬಿಡುವ ಮೊದಲೇ ಹುಡುಗ ಆ ಫೋಟೋಇಮೇಜ್ ಹೆಸರಿನ ಮೊದಲಿಗೆ ಸೆಲ್ಫ್ ಸೇರಿಸಿದ್ದ.

ಇನ್ನು ಫ್ಯಾಟ್ ನೋಡಿ ದರ ಹಾಕೋದು ಬಾಕಿ ಇದೆಯಂತೆ. ಅದಕ್ಕೆ ಡೇರಿಯ ದರಪಟ್ಟಿ ಇಸ್ಕೊಂಡು ಬಾ ಅಂದು ಕಳಿಸಿದೆ.