ಊರ ಹೆಸರಿನ ಅಕ್ಷರಗಳಲ್ಲಿ ಇಂಗ್ಲಿಷ್ ಪದ ಹುಡುಕುವ ಬಗೆ

"ಈ ಅಕ್ಷರಗಳಿರುವ ಇಂಗ್ಲಿಷ್ ಪದ ಹುಡುಕಿ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಲೆಕ್ಕಗಳಿವೆ. ಕೊಟ್ಟ ಅಕ್ಷರಗಳನ್ನೆಲ್ಲ ಬಳಸಿ, ಒಂದೂ ಉಳಿಯದಂತೆ ಪದ ಮಾಡುವುದು ಮೊದಲನೆಯದು. ಅವುಗಳಲ್ಲಿ ಕೆಲವನ್ನಷ್ಟೇ ಬಳಸುವುದು ಎರಡನೆಯದು. ಕೊಟ್ಟ ಅಕ್ಷರಗಳೆಲ್ಲ ಇರಬೇಕು, ಜೊತೆಗೆ ಬೇರೆಯವೂ ಸೇರಬಹುದು ಎಂಬುದು ಮೂರನೆಯದು. ಯಾವ ಲೆಕ್ಕ ಎಂದು ತಿಳಿಯದೆ ಕೂತರೆ ಅರ್ಧ ಗಂಟೆ ಸುಮ್ಮನೆ ಹೋಗುತ್ತದೆ. ನಮ್ಮ ಮೂರು ಜಿಲ್ಲೆಗಳ ಹೆಸರುಗಳನ್ನೇ ಹಿಡಿದು ನೋಡೋಣ. ಮಕ್ಕಳಿಗೆ ಹೇಳಿಕೊಡಲು ಇವಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೊಪ್ಪಳದಿಂದ ಶುರು ಮಾಡಿ: ಕೆ-ಒ-ಪಿ-ಪಿ-ಎ-ಎಲ್. ಆರು ಅಕ್ಷರ, ಪಿ ಎರಡು ಸಲ. ಇವನ್ನು 360 ರೀತಿಯಲ್ಲಿ ಜೋಡಿಸಬಹುದು. ಆರೂ ಬೇರೆ ಬೇರೆಯಾಗಿದ್ದರೆ 720 ಆಗುತ್ತಿತ್ತು. ಪಿ ಎರಡಿರುವುದರಿಂದ ಅದರ ಅರ್ಧ. ಒಂದೊಂದನ್ನೂ ಬರೆದು ನೋಡುವ ಕೆಲಸ ಯಾರೂ ಮಾಡಬಾರದು. ಕೆ ಅಕ್ಷರವನ್ನು ಮೊದಲು ಹಿಡಿಯಿರಿ, ಏಕೆಂದರೆ ಅದೇ ಹಟಮಾರಿ. ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ 100 ಬಿಲ್ಲೆಗಳಲ್ಲಿ ಇ ಬಿಲ್ಲೆ 12 ಇದ್ದರೆ ಕೆ ಇರುವುದು ಒಂದೇ. ಇಂಗ್ಲಿಷಿನಲ್ಲಿ ಕೆ ಅನೇಕ ಸಲ ಇನ್ನೊಂದು ವ್ಯಂಜನದ ಬೆನ್ನಿಗೆ ಬರುತ್ತದೆ: ಸಿಕೆ, ಎನ್‌ಕೆ, ಎಸ್‌ಕೆ, ಆರ್‌ಕೆ, ಎಲ್‌ಕೆ. ಇಲ್ಲಿ ನಮಗೆ ಒದಗುವುದು ಎಲ್‌ಕೆ ಮಾತ್ರ. ಅದನ್ನು ನಡುವೆ ಇಟ್ಟು ಸ್ವರಗಳನ್ನು ಎರಡೂ ಕಡೆ ಸೇರಿಸಿದರೆ ಪಿ-ಒ-ಎಲ್-ಕೆ-ಎ, ಪೋಲ್ಕಾ ಎಂಬ ಯುರೋಪಿನ ನೃತ್ಯ ಸಿಗುತ್ತದೆ. ಕೆ ಬಿಟ್ಟರೆ ಓಪಲ್, ಪ್ಲಾಪ್ (ಪಿ-ಎಲ್-ಒ-ಪಿ), ಲ್ಯಾಪ್ ಸುಲಭ.

ಇಲ್ಲೇ ಹೆಚ್ಚಿನವರು ಎಡವುವುದು. ಕೋಆಲಾ ಎಂಬ ಪ್ರಾಣಿಯ ಹೆಸರು ಥಟ್ಟನೆ ಹೊಳೆಯುತ್ತದೆ, ಬರೆದೂಬಿಡುತ್ತಾರೆ. ಆದರೆ ಅದಕ್ಕೆ ಎ ಎರಡು ಬೇಕು, ಕೊಪ್ಪಳದಲ್ಲಿರುವುದು ಒಂದೇ. ಪದ ಹೊಳೆದ ಕೂಡಲೇ ಒಂದೊಂದೇ ಅಕ್ಷರಕ್ಕೆ ಗೆರೆ ಹೊಡೆಯುತ್ತ ಹೋಗಬೇಕು. ಒಮ್ಮೆ ಗೆರೆ ಬಿದ್ದ ಅಕ್ಷರ ಮತ್ತೆ ಬೇಕಾಯಿತೆಂದರೆ ಆ ಪದ ಹೋಯಿತು.

ರಾಯಚೂರು ಬೇರೆ ಪಾಠ ಕಲಿಸುತ್ತದೆ: ಆರ್-ಎ-ಐ-ಸಿ-ಎಚ್-ಯು-ಆರ್. ನಾವು ಕನ್ನಡದವರು ಕಿವಿಯಿಂದ ಹುಡುಕುತ್ತೇವೆ. ಕೇಳಿದಂತೆ ಬರೆಯುವ ಭಾಷೆಯ ಅಭ್ಯಾಸ ಅದು. ಇಂಗ್ಲಿಷಿನಲ್ಲಿ ಕಣ್ಣಿನಿಂದ ಹುಡುಕಬೇಕು. ಸಿ ಮತ್ತು ಎಚ್ ಕಂಡರೆ ತಕ್ಷಣ ಜೋಡಿ ಮಾಡಿ ಪಕ್ಕಕ್ಕಿಡಿ. ಆಮೇಲೆ ಚೇರ್, ರಿಚ್, ಆರ್ಚ್ ಸಾಲಾಗಿ ಬರುತ್ತವೆ. ಚೇರ್ ಎನ್ನುವಾಗ ಐ ಕೇಳಿಸುವುದೇ ಇಲ್ಲ, ಆದರೂ ಅದು ಸಿ-ಎಚ್-ಎ-ಐ-ಆರ್. ಜೋಡಿ ಒಡೆದರೆ ಸಿ ಕೊನೆಗೆ ಹೋಗಿ ಯೂರಿಕ್ ಆಗುತ್ತದೆ, ರಕ್ತ ಪರೀಕ್ಷೆಯ ಚೀಟಿಯಲ್ಲಿ ಕಾಣುವ ಯೂರಿಕ್ ಆಸಿಡ್‌ನ ಯೂರಿಕ್.

ಬಳ್ಳಾರಿ ನನಗೆ ಬಹಳ ಪ್ರೀತಿಯ ಉದಾಹರಣೆ, ಏಕೆಂದರೆ ಅದಕ್ಕೆ ಎರಡು ಸ್ಪೆಲಿಂಗ್ ಇವೆ. 2014ರ ನವೆಂಬರ್ 1ರವರೆಗೆ ಬಿ-ಇ-ಎಲ್-ಎಲ್-ಎ-ಆರ್-ವೈ, ಈಗ ಬಿ-ಎ-ಎಲ್-ಎಲ್-ಎ-ಆರ್-ಐ. ಹಳೆಯದರಲ್ಲಿ ಇ ಮತ್ತು ವೈ ಎರಡೂ ಇದ್ದವು. ಎಲ್-ವೈ ಎಂಬ ಬಾಲವನ್ನು ಕೊನೆಗಿಟ್ಟರೆ ರಿಯಲಿ, ಬೇರ್ಲಿ, ಅರ್ಲಿ. ಇ-ಆರ್ ಬಾಲವಿಟ್ಟರೆ ಲೇಯರ್. ಹೊಸ ಸ್ಪೆಲಿಂಗ್‌ನಲ್ಲಿ ಆ ಬಾಲಗಳಿಲ್ಲ. ಉಳಿದದ್ದು ಐ-ಎ-ಎಲ್. ಅದರ ಮುಂದೆ ಎಲ್-ಎ-ಬಿ ಇಟ್ಟರೆ ಲೇಬಿಯಲ್, ಅಂದರೆ ತುಟಿಗೆ ಸಂಬಂಧಿಸಿದ್ದು. ಹೀಗೆ ಬಾಲ ಹಿಡಿದು ಹುಡುಕುವುದು ತಲೆಯಿಂದ ಹುಡುಕುವುದಕ್ಕಿಂತ ಎಷ್ಟೋ ಬೇಗ ಫಲ ಕೊಡುತ್ತದೆ.

ಏಳೂ ಅಕ್ಷರ ಬಳಸುವ ಪದ? ಇದೆ: ಬಿ-ಎ-ಆರ್-ಐ-ಎಲ್-ಎಲ್-ಎ, ಬರಿಲ್ಲ. ಉಪ್ಪು ನೆಲದಲ್ಲಿ ಬೆಳೆಯುವ ಗಿಡ. ಅದರ ಬೂದಿಯಿಂದ ಹಿಂದೆ ಗಾಜು ಮತ್ತು ಸಾಬೂನಿಗೆ ಬೇಕಾದ ಸೋಡಾ ತೆಗೆಯುತ್ತಿದ್ದರು. ಇಂಥ ಪದ ಸುಮ್ಮನೆ ಹೊಳೆಯುವುದಿಲ್ಲ. ಅದಕ್ಕೊಂದು ಉಪಾಯವಿದೆ. ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆಯಿರಿ: ಎ-ಎ-ಬಿ-ಐ-ಎಲ್-ಎಲ್-ಆರ್. ಯಾವ ಪದವನ್ನು ಹೀಗೆ ಬರೆದಾಗ ಇದೇ ಸಾಲು ಬರುತ್ತದೋ ಅದೇ ಉತ್ತರ. ಕಂಪ್ಯೂಟರಿನಲ್ಲಿ ಪದಪಟ್ಟಿಗೆಲ್ಲ ಇಂಥ ಸಾಲು ಒಮ್ಮೆ ಮಾಡಿಟ್ಟರೆ ಸಾಕು, ಆಮೇಲೆ 1,260 ಜೋಡಣೆಗಳನ್ನು ತಿರುವಿ ಹಾಕುವ ಗೊಡವೆಯೇ ಇಲ್ಲ.

ಮೂರನೆಯ ಲೆಕ್ಕಕ್ಕೆ ಉದ್ದನೆಯ ಪದಗಳತ್ತ ಹೋಗಬೇಕು. ರಾಯಚೂರಿನ ಅಕ್ಷರಗಳೆಲ್ಲ ಇರುವ ಪದ ಕೇಳಿದರೆ ಅಲ್ಲಿನ ಕೃಷಿ ವಿಶ್ವವಿದ್ಯಾಲಯ ನೆನಪಾಗಿ ಅಗ್ರಿಕಲ್ಚರಲ್ ಎನ್ನಬಹುದು. ಆರ್ ಎರಡಿವೆ, ಎ, ಐ, ಸಿ, ಯು ಎಲ್ಲ ಇವೆ, ಎಚ್ ಮಾತ್ರ ಇಲ್ಲ. ಹಾರ್ಟಿಕಲ್ಚರಲ್ ಅಂದರೆ ಸರಿಹೋಗುತ್ತದೆ. ಬಳ್ಳಾರಿಗೆ ಬೈಲ್ಯಾಟರಲ್, ಕೊಲ್ಯಾಬೊರೇಷನ್ ಎರಡೂ ಒಪ್ಪುತ್ತವೆ. ಕೊಪ್ಪಳಕ್ಕೆ ವರ್ಕ್‌ಪ್ಲೇಸ್ ಹತ್ತಿರ ಬಂದು ಸೋಲುತ್ತದೆ: ಪಿ ಒಂದೇ.

ಪ್ರಯಾಣದಲ್ಲಿ ಮಕ್ಕಳಿಗೆ ಅಭ್ಯಾಸ ಮಾಡಿಸಲು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ನಂಬರ್ ಪ್ಲೇಟ್ ಸಾಕು. ಕೆ, ಎ, ಎಫ್ ಎಂಬ ಮೂರು ಅಕ್ಷರ ಅಲ್ಲೇ ಇರುತ್ತವೆ. ಫ್ಲಾಸ್ಕ್, ಬ್ರೇಕ್‌ಫಾಸ್ಟ್ ಎರಡರಲ್ಲೂ ಮೂರೂ ಇವೆ. ಅದೇ ಕ್ರಮದಲ್ಲಿ ಬೇಕೆಂದರೆ ಎರಡೂ ಬಿದ್ದುಹೋಗುತ್ತವೆ, ಕಾಫ್ತಾನ್ ಎಂಬ ಸಡಿಲ ನಿಲುವಂಗಿಯ ಹೆಸರು ಉಳಿಯುತ್ತದೆ.

ಎಕ್ಸೆಲ್‌ನಲ್ಲಿ ಹುಡುಕುವವರಿಗೆ ಎರಡು ಮಾತು. ಕಸ್ಟಮ್ ಫಿಲ್ಟರ್ ಒಂದು ಕಾಲಮ್ಮಿಗೆ ಎರಡೇ ಷರತ್ತು ಒಪ್ಪುತ್ತದೆ. ಮೂರನೆಯ ಅಕ್ಷರಕ್ಕೆ ಪಕ್ಕದ ಕಾಲಮ್ಮಿನಲ್ಲಿ ಸರ್ಚ್ ಫಾರ್ಮುಲಾ ಹಾಕಬೇಕು. ಅಕ್ಷರ ಎಷ್ಟು ಸಲ ಇದೆ ಎಂದು ಎಣಿಸಲು ಪದದ ಉದ್ದದಿಂದ, ಸಬ್‌ಸ್ಟಿಟ್ಯೂಟ್ ಬಳಸಿ ಆ ಅಕ್ಷರ ತೆಗೆದ ಮೇಲಿನ ಉದ್ದವನ್ನು ಕಳೆಯಿರಿ. ಸರ್ಚ್ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ನೋಡುವುದಿಲ್ಲ, ಸಬ್‌ಸ್ಟಿಟ್ಯೂಟ್ ನೋಡುತ್ತದೆ. ಪಟ್ಟಿಯಲ್ಲಿ ದೊಡ್ಡಕ್ಷರದ ಪಿ ಇದ್ದು ನೀವು ಸಣ್ಣಕ್ಷರದ ಪಿ ಕೊಟ್ಟರೆ ಎಣಿಕೆ ಸೊನ್ನೆ ಬರುತ್ತದೆ. ಮೊದಲೇ ಲೋವರ್ ಹಾಕಿ ಎಲ್ಲವನ್ನೂ ಸಣ್ಣಕ್ಷರ ಮಾಡಿಕೊಳ್ಳಿ.

ರೈಲ್ವೆ, ಎಸ್‌ಎಸ್‌ಸಿ ಪರೀಕ್ಷೆಗೆ ಓದುವವರಿಗೆ ಬರುವ ಪ್ರಶ್ನೆ ಇದರ ತಿರುವು: ಕೊಟ್ಟ ಪದದ ಅಕ್ಷರಗಳಿಂದ ಯಾವುದನ್ನು ರಚಿಸಲಾಗದು? ನಾಲ್ಕೂ ಆಯ್ಕೆಗಳನ್ನು ಪೂರ್ತಿ ತಾಳೆ ನೋಡಬೇಡಿ. ಮೊದಲು ಆಯ್ಕೆಗಳಲ್ಲಿ ಎರಡು ಸಲ ಬಂದಿರುವ ಅಕ್ಷರ ನೋಡಿ, ಅದು ಮೂಲದಲ್ಲಿ ಎರಡು ಸಲ ಇದೆಯೇ ಎಂದು ಎಣಿಸಿ. ಅಲ್ಲಿ ಸಿಗದಿದ್ದರೆ ಮೂಲದಲ್ಲಿ ಇಲ್ಲವೇ ಇಲ್ಲದ ಅಕ್ಷರ ಹುಡುಕಿ. ಸ್ವರಗಳನ್ನು ಮೊದಲು ನೋಡಿ; ಇ ಇದ್ದಲ್ಲಿ ಎ ಓದಿಕೊಂಡು ಮುಂದೆ ಹೋಗುವುದು ಬಹಳ ಸುಲಭ.