ಸಾವಿಗೂ ಸ್ತೋತ್ರ ಹೇಳ್ತೀರಾ?

ಇಲ್ಲ. ಸಾವಿಗೆ ಸ್ತೋತ್ರ ಹೇಳುವುದಿಲ್ಲ.

ಎರಡು ವರ್ಷದಿಂದ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಕೇಳಿದ್ದಾರೆ. ಮದುವೆ ಮನೆಯಲ್ಲಿ ಕೇಳಿದ್ದಾರೆ. ಮೆಟ್ರೋದಲ್ಲಿ ಸಿಕ್ಕ ಕಾಲೇಜಿನ ಗೆಳತಿ ಎರಡು ಸ್ಟೇಷನ್ ನಡುವೆ ಕೇಳಿದ್ದಾಳೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

2023ರ ಆಗಸ್ಟ್‌ನಲ್ಲಿ ನನ್ನ ತಮ್ಮ ತೀರಿಕೊಂಡ. ಅವನಿಗೆ 34 ವರ್ಷ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದೆವು. ನಾವು ಕ್ರೈಸ್ತರು. ತಿಂಗಳು ತುಂಬಿದ ಭಾನುವಾರ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸ್ತೋತ್ರ ಆರಾಧನೆ ಇಟ್ಟುಕೊಂಡೆವು. ಅದರ ಕಾರ್ಡನ್ನು ನಾನೇ ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದೆ. ಮೇಲೆ ಅವನ ಫೋಟೋ, ಕೆಳಗೆ ‘ಸ್ತೋತ್ರ ಆರಾಧನೆ’ ಅಂತ ದಪ್ಪ ಅಕ್ಷರ.

ಸಂಜೆ ಪಕ್ಕದ ಮನೆ ಆಂಟಿ ಗೇಟಿನ ಹತ್ತಿರ ಬಂದು ನಿಂತರು. ಚಾಮರಾಜಪೇಟೆಯ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ತಮ್ಮನನ್ನು ಎತ್ತಿ ಆಡಿಸಿದವರು. “ಏನಮ್ಮಾ ಇದು? ನಿಮ್ಮಲ್ಲಿ ಸ್ತೋತ್ರ ಅಂದ್ರೆ ಥ್ಯಾಂಕ್ಸ್ ಅಲ್ವಾ? ಇದ್ದೊಬ್ಬ ಗಂಡು ಮಗ ಹೋಗಿದ್ದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳ್ತೀರಾ?” ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವತ್ತೂ ಇರಲಿಲ್ಲ.

ಸಿಟ್ಟು ಬಂದಿದ್ದು ಆಮೇಲೆ ಕೇಳಿದವರ ಮೇಲೆ. “ನಿಮ್ಮವರಿಗೆ ಸತ್ತರೆ ದುಃಖಾನೇ ಇಲ್ಲವಂತೆ, ಹೌದಾ?” ಅಂತ ಒಬ್ಬರು ಕೇಳಿದರು. ದುಃಖ ಇಲ್ಲವೇ? ನಮ್ಮಮ್ಮ ಇವತ್ತಿಗೂ ಮೂರು ತಟ್ಟೆ ಇಟ್ಟು, ಒಂದನ್ನು ಮತ್ತೆ ಸ್ಟ್ಯಾಂಡಿಗೆ ಸೇರಿಸುತ್ತಾರೆ. ದುಃಖ ಎಷ್ಟಿದೆ ಅಂತ ಅಳೆದು ತೋರಿಸಬೇಕಾ?

ಮೊದಲು ಮಾತು ಸರಿ ಮಾಡಿಕೊಳ್ಳೋಣ. ಸ್ತೋತ್ರ ಅಂದರೆ ಬೇರೆಯವರಿಗೆ ದೇವರ ಹಾಡು. ಕನ್ನಡ ಕ್ರೈಸ್ತರಿಗೆ ಅದು ‘ವಂದನೆ’ಯೂ ಹೌದು, ‘ಉಪಕಾರ ಆಯಿತು ದೇವರೇ’ ಅನ್ನೋದೂ ಹೌದು. ಯೇಸುವಿನ ಅಪೊಸ್ತಲ ಪೌಲ ಥೆಸಲೋನಿಕ ಪಟ್ಟಣದ ಸಭೆಯವರಿಗೆ ಬರೆದ ಮೊದಲ ಪತ್ರ ಬೈಬಲಿನಲ್ಲಿದೆ, ಅದರಲ್ಲಿ ಒಂದು ಮಾತಿದೆ. ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಅಂತ. ನಮ್ಮ ಬೈಬಲಿನಲ್ಲಿ ಇರುವುದು ‘ಎಲ್ಲಾದರಲ್ಲಿಯೂ’. ‘ಎಲ್ಲಾದಕ್ಕೂ’ ಅಲ್ಲ. ಮೂಲ ಗ್ರೀಕಿನಲ್ಲೂ ‘ಎನ್ ಪಾಂತಿ’, ಅಂದರೆ ‘ಎಲ್ಲದರೊಳಗೆ’. ಕನ್ನಡದಲ್ಲಿ ಒಂದು ಪ್ರತ್ಯಯ ಬದಲಾದರೆ ಅರ್ಥ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಸಾವಿಗೆ ಸ್ತೋತ್ರ ಬೇರೆ. ಸಾವಿನ ಮನೆಯಲ್ಲಿ ಸ್ತೋತ್ರ ಬೇರೆ.

ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲಾ ಕಾರ್ಯಗಳಿಗೋಸ್ಕರ ಅಂತಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆ ವಚನ ನನ್ನ ಗಂಟಲಲ್ಲಿ ಇಳಿದಿಲ್ಲ. ಓದುವಾಗ ಅಲ್ಲಿ ಇವತ್ತಿಗೂ ನಿಲ್ಲುತ್ತೇನೆ.

ಆದರೆ ಥೆಸಲೋನಿಕದ ಪತ್ರ ಯಾರಿಗೆ ಹೋಯಿತು ಅನ್ನೋದನ್ನು ನೋಡಿ. ಪೌಲ ಅದನ್ನು ಬರೆದಿದ್ದು ಸುಮಾರು ಕ್ರಿ.ಶ. 50ರ ಹೊತ್ತಿಗೆ. ಆ ಸಭೆಯಲ್ಲಿ ಕೆಲವರು ತೀರಿಕೊಂಡಿದ್ದರು, ಉಳಿದವರು ಕಂಗೆಟ್ಟಿದ್ದರು. ಸ್ತೋತ್ರದ ಮಾತು ಬರುವುದು ಐದನೇ ಅಧ್ಯಾಯದಲ್ಲಿ. ಅದಕ್ಕೂ ಮೊದಲು, ನಾಲ್ಕನೆಯದರಲ್ಲೇ, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತ ಬರೆಯುತ್ತಾನೆ. ದುಃಖಪಡಲೇಬೇಡಿ ಅನ್ನಲಿಲ್ಲ. ನಿರೀಕ್ಷೆ ಇಟ್ಟುಕೊಂಡು ಅಳಿ ಅಂದ. ಸಾವಾದ ಮನೆಗೆ ಬರೆದ ಕಾಗದದಲ್ಲಿ ಸ್ತೋತ್ರವೂ ನಿರೀಕ್ಷೆಯೂ ಒಟ್ಟಿಗೆ ಇವೆ. ಯೇಸು ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿದ್ದೂ ತನ್ನನ್ನು ಹಿಡಿದುಕೊಟ್ಟ ರಾತ್ರಿಯಲ್ಲೇ. ಹಿಡಿದುಕೊಡುವವನು ಅದೇ ಪಂಕ್ತಿಯಲ್ಲಿ ಕೂತಿದ್ದ. ಆ ರಾತ್ರಿಯ ನೆನಪಿಗೆ ಚರ್ಚಿನಲ್ಲಿ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ‘ಯೂಖಾರಿಸ್ತ್’ ಅನ್ನುವ ಹೆಸರು ಬಂದಿದ್ದು ಕೃತಜ್ಞತೆ ಅನ್ನುವ ಗ್ರೀಕ್ ಪದದಿಂದ.

ಹೊರಗಿನವರ ಮಾತು ಇಷ್ಟು. ಒಳಗಿನವರ ಮಾತು ಇನ್ನೂ ಜಾಸ್ತಿ ನೋಯಿಸಿತು. ತಮ್ಮನಿಗೆ ಎರಡೂ ಕಿಡ್ನಿ ಹೋಗಿದ್ದವು. ಮೂರು ವರ್ಷ, ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಮನೆಗೆ ಪ್ರಾರ್ಥನೆಗೆ ಬಂದ ಕೆಲವರು ಹೇಳುತ್ತಿದ್ದರು: “ಬಾಯಿ ತುಂಬ ಸ್ತೋತ್ರ ಹೇಳ್ತಾ ಇರು, ಗುಣ ಆಗೇ ಆಗತ್ತೆ. ನಂಬಿಕೆ ಸಾಲದು ನಿಂಗೆ.” ಇದು ಸ್ತೋತ್ರ ಅಲ್ಲ, ಮುಂಗಡ ಕಟ್ಟುವುದು. ಕಟ್ಟಿದ್ದೇನೆ, ಸಾಮಾನು ಕೊಡು ಅಂತ ದೇವರ ಮುಂದೆ ರಸೀತಿ ಹಿಡಿಯುವುದು. ಪೌಲನೇ ತನ್ನ ಶರೀರದ ಮುಳ್ಳನ್ನು, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆಯನ್ನು, ತೆಗೆ ಅಂತ ದೇವರನ್ನು ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ಅವನಿಗೂ ನಂಬಿಕೆ ಸಾಲದೇ ಹೋಯಿತಾ? ಕಾಯಿಲೆ ಮಲಗಿದವನ ಮುಂದೆ ಹೀಗೆ ಮಾತಾಡಬೇಡಿ. ನಮ್ಮವರಿಗೇ ಹೇಳುತ್ತಿದ್ದೇನೆ.

ಯಾಕೆ ಸ್ತೋತ್ರ ಹೇಳಿದಿರಿ ಅಂತ ಎಲ್ಲರೂ ಕೇಳಿದರು. ಏನಕ್ಕೆ ಹೇಳಿದಿರಿ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ತಮ್ಮನ ಕವರಿನ ಕಥೆ ಹೇಳುತ್ತಿದ್ದೆ.

ನಮ್ಮ ಸಭೆಯಲ್ಲಿ ಸ್ತೋತ್ರ ಕಾಣಿಕೆ ಕವರ್ ಅಂತ ಇರುತ್ತದೆ. ಬಾಗಿಲ ಹತ್ತಿರ ಮೇಜಿನ ಮೇಲೆ ಇಟ್ಟಿರುತ್ತಾರೆ. ಹೆಸರು ಬರೆಯಲು ಒಂದು ಗೆರೆ, ಕಾರಣ ಬರೆಯಲು ಒಂದು ಗೆರೆ. ಕಾಣಿಕೆ ಎತ್ತಿದ ಮೇಲೆ ಅಯ್ಯನವರು, ಅಂದರೆ ನಮ್ಮ ಪಾದ್ರಿ, ಒಂದೊಂದಾಗಿ ಓದುತ್ತಾರೆ. ಮಗಳ ಹುಟ್ಟುಹಬ್ಬಕ್ಕಾಗಿ ಸ್ತೋತ್ರ. ಮದುವೆಯಾಗಿ 25 ವರ್ಷ ತುಂಬಿದ್ದಕ್ಕಾಗಿ ಸ್ತೋತ್ರ. ಸೈಟು ರಿಜಿಸ್ಟರ್ ಆಗಿದ್ದಕ್ಕಾಗಿ ಸ್ತೋತ್ರ. ಒಂದು ಭಾನುವಾರ ಅಯ್ಯನವರು ಒಂದು ಕವರು ಎತ್ತಿ, ಕನ್ನಡಕ ಸರಿ ಮಾಡಿಕೊಂಡು ಓದಿದರು: “ಸೂಜಿ ಒಂದೇ ಸಲಕ್ಕೆ ಸಿಕ್ಕಿದ್ದಕ್ಕಾಗಿ ಸ್ತೋತ್ರ.”

ಸಭೆ ಗಪ್ಪಾಯಿತು. ನನಗೆ ಮಾತ್ರ ಗೊತ್ತಾಯಿತು. ಡಯಾಲಿಸಿಸ್‌ಗೆ ಅಂತ ಅವನ ಎಡಗೈಯಲ್ಲಿ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದರು. ಅದರ ಮೇಲೆ ಬೆರಳಿಟ್ಟರೆ ರಕ್ತ ಗುಂಯ್ ಅಂತ ಓಡುವುದು ಗೊತ್ತಾಗುತ್ತದೆ. ಅಲ್ಲಿಗೆ ಎರಡು ದಪ್ಪ ಸೂಜಿ ಚುಚ್ಚಬೇಕು. ಕೆಲವು ದಿನ ಸಿಗುವುದಿಲ್ಲ, ಮತ್ತೆ ಮತ್ತೆ ಚುಚ್ಚುತ್ತಾರೆ. ಆ ವಾರ ಹೊಸದಾಗಿ ಬಂದ ಹುಡುಗಿಯೊಬ್ಬಳು ಎರಡನ್ನೂ ಮೊದಲ ಸಲಕ್ಕೇ ಹಾಕಿದ್ದಳು. ಅವಳ ಕೈ ನಡುಗುತ್ತಿತ್ತಂತೆ. “ನನಗಿಂತ ಅವಳೇ ಜಾಸ್ತಿ ಖುಷಿಪಟ್ಟಳು ಅಕ್ಕಾ” ಅಂದಿದ್ದ.

ಆಮೇಲೆ ಪ್ರತಿ ವಾರ ಅವನದೊಂದು ಕವರು. ಒಳಗೆ 10 ರೂಪಾಯಿ, ಕೆಲವು ಸಲ 20. “ಕಾಯದೇ ಆಟೋ ಸಿಕ್ಕಿದ್ದಕ್ಕಾಗಿ.” “ಪಕ್ಕದ ಬೆಡ್ಡಿನ ತಾತ ಇವತ್ತು ಬಂದಿದ್ದಕ್ಕಾಗಿ.” ಆ ತಾತ ಹಿಂದಿನ ಎರಡು ಸರದಿಗೆ ಬಂದಿರಲಿಲ್ಲ. ಡಯಾಲಿಸಿಸ್ ವಾರ್ಡಿನಲ್ಲಿ ಒಬ್ಬರು ಬರದಿದ್ದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಅವನಿಗೆ ಎಳನೀರು ಅಂದರೆ ಪ್ರಾಣ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕುಡಿಯುವ ಹಾಗಿಲ್ಲ. ನೀರು ಕೂಡ ಅಳತೆ. ಒಂದು ಬೇಸಿಗೆಯ ಕವರಿನಲ್ಲಿ “ಐಸ್ ತುಂಡಿಗಾಗಿ” ಅಂತ ಬರೆದಿದ್ದ. ಸಣ್ಣ ಮಕ್ಕಳು ಅವನ ಕವರಿಗೆ ಕಾಯತೊಡಗಿದರು, ಅಯ್ಯನವರು ಅದನ್ನೇ ಕೊನೆಗೆ ಇಟ್ಟುಕೊಂಡು ಓದತೊಡಗಿದರು. ಅವನು ಕಿಡ್ನಿ ಕಾಯಿಲೆಗೆ ಸ್ತೋತ್ರ ಅಂತ ಒಂದು ಸಲವೂ ಬರೆಯಲಿಲ್ಲ. ಕಾಯಿಲೆಯನ್ನು ಬೈಯುತ್ತಿದ್ದ, ಕೆಲವು ರಾತ್ರಿ ದೇವರ ಹತ್ತಿರ ಜಗಳವನ್ನೂ ಆಡುತ್ತಿದ್ದ. ಗೋಡೆಯ ಈಚೆ ನನಗೆ ಕೇಳಿಸುತ್ತಿತ್ತು. ಜಗಳ ನಮ್ಮ ಗ್ರಂಥದಲ್ಲೂ ಇದೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ.

ಇನ್ನು ನಿರೀಕ್ಷೆಯ ಮಾತು. ಅಮ್ಮನಿಗೆ ಸಕ್ಕರೆ ಕಾಯಿಲೆ, ನನ್ನ ರಕ್ತದ ಗುಂಪು ಅವನಿಗೆ ಕೂಡಲಿಲ್ಲ. ಹಾಗಾಗಿ ಅವನ ಹೆಸರು ರಾಜ್ಯದ ‘ಜೀವಸಾರ್ಥಕತೆ’ ಪಟ್ಟಿಗೆ ಹೋಯಿತು. ಮಿದುಳು ನಿಂತವರ ಮನೆಯವರು ಒಪ್ಪಿ ಕೊಟ್ಟ ಅಂಗಗಳು ಆ ಪಟ್ಟಿಯ ಪ್ರಕಾರ ಹಂಚಿಕೆಯಾಗುತ್ತವೆ. ನಾವೆಲ್ಲ ಪ್ರಾರ್ಥನೆ ಶುರು ಮಾಡಿದೆವು. ಒಂದು ವರ್ಷ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಕಾರ್ಡು, ಅಂದರೆ ಹೊಸ ವರ್ಷಕ್ಕೆ ಅಂತ ಬೈಬಲಿನ ಒಂದು ವಚನ ಬರೆದ ಕಾರ್ಡು, ತೆಗೆದೆವು. ಅವನಿಗೆ ಬಂದ ವಚನ ನೋಡಿ ದೊಡ್ಡಮ್ಮ, ಈ ವರ್ಷ ಕಿಡ್ನಿ ಖಂಡಿತ ಅಂದುಬಿಟ್ಟರು. ಅವನು, “ಕಾರ್ಡು ಪಟ್ಟಿಯ ನಂಬರ್ ಅಲ್ಲ ದೊಡ್ಡಮ್ಮ” ಅಂದ. ಎಲ್ಲರೂ ನಕ್ಕೆವು.

ಮನೆಗೆ ಬರುವಾಗ ಆಟೋದಲ್ಲಿ ಮೆಲ್ಲಗೆ ಕೇಳಿದ. “ಅಕ್ಕಾ, ನನಗೆ ಕಿಡ್ನಿ ಸಿಗಲಿ ಅಂತ ಕೇಳ್ಕೊಂಡ್ರೆ ಯಾರೋ ಸಾಯಲಿ ಅಂತ ಕೇಳ್ಕೊಂಡ ಹಾಗೆ ಅಲ್ವಾ?” ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹೊಸ ವರ್ಷದ ಪಟಾಕಿ ಸದ್ದು ಆಗುತ್ತಿತ್ತು. ಆಮೇಲೆ ಅವನು ಪ್ರಾರ್ಥನೆಯನ್ನೇ ಬದಲಾಯಿಸಿಕೊಂಡ. ನನಗೆ ಕೊಡು ಅನ್ನುವುದನ್ನು ಬಿಟ್ಟ. ಯಾವ ಮನೆಗೆ ಆ ಕೆಟ್ಟ ಘಳಿಗೆ ಬರುತ್ತದೋ, ಆ ಮನೆಯವರ ಕೈ ಹಿಡಿ ಅಂತ ಕೇಳತೊಡಗಿದ.

ಒಂದೇ ಒಂದು ಸಲ ಫೋನ್ ಬಂತು. ರಾತ್ರಿ ಹನ್ನೊಂದೂವರೆ. ತಕ್ಷಣ ಬನ್ನಿ, ಇನ್ನೊಬ್ಬರನ್ನೂ ಕರೆದಿದ್ದೇವೆ, ರಕ್ತ ಹೊಂದಬೇಕು ಅಂದರು. ಓಡಿದೆವು. ಬೆಳಗಿನ ನಾಲ್ಕರವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆವು. ಅವನಿಗೆ ಹೊಂದಲಿಲ್ಲ. ಇನ್ನೊಬ್ಬರಿಗೆ ಹೊಂದಿತು. ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತರು. ಅವನು ಎದ್ದು ಹೋಗಿ, ಆ ಇನ್ನೊಬ್ಬರ ಹೆಂಡತಿಯ ಹತ್ತಿರ ನಿಂತು, “ಒಳ್ಳೇದಾಗತ್ತೆ ಅಕ್ಕಾ, ಧೈರ್ಯವಾಗಿರಿ” ಅಂದ. ವಾಪಸು ಬರುವಾಗ ನಾನು ಕೇಳಿದೆ, ನಿನಗೆ ಬೇಜಾರಾಗಲಿಲ್ಲವಾ ಅಂತ. “ತುಂಬಾ ಆಯ್ತು” ಅಂದ. ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತ. ಆ ಭಾನುವಾರದ ಕವರಿನಲ್ಲಿ “ಆ ಮನೆಯವರು ಒಪ್ಪಿದ್ದಕ್ಕಾಗಿ” ಅಂತ ಬರೆದಿದ್ದ.

ನಮ್ಮ ತೊಂದರೆ ಏನೆಂದರೆ, ನಿರೀಕ್ಷೆ ಅನ್ನುವ ಮಾತನ್ನು ಪೇಪರಿನವರೂ ಬಳಸುತ್ತಾರೆ. ಮಳೆ ನಿರೀಕ್ಷೆ, ಫಲಿತಾಂಶ ನಿರೀಕ್ಷೆ, ನಿರೀಕ್ಷೆ ಹುಸಿಯಾಯಿತು. ಅಲ್ಲಿ ಅದು ಅಂದಾಜು. ಆದರೆ ಆದೀತು, ಇಲ್ಲದಿದ್ದರೆ ಹೋಯಿತು. ನನ್ನ ಕಥೋಲಿಕ ಗೆಳತಿ ಅದನ್ನು ‘ಭರವಸೆ’ ಅನ್ನುತ್ತಾಳೆ. ಪೋಪ್ ಫ್ರಾನ್ಸಿಸ್ 2025ರ ಜೂಬಿಲಿ ವರ್ಷಕ್ಕೆ ಕೊಟ್ಟ ಘೋಷಣೆಯಲ್ಲೂ ಭರವಸೆಯ ಯಾತ್ರಿಕರು ಅನ್ನುವ ಅರ್ಥ ಇತ್ತು. ಆ ಪದ ನನಗೆ ಇಷ್ಟ. ತಮ್ಮನದು ಪೇಪರಿನ ನಿರೀಕ್ಷೆ ಆಗಿದ್ದರೆ ಅವತ್ತು ನಾಲ್ಕು ಗಂಟೆಗೇ ಮುಗಿದುಹೋಗುತ್ತಿತ್ತು. ಕಿಡ್ನಿ ಸಿಗಲಿ ಅಂತ ಅವನೂ ಆಸೆಪಟ್ಟ, ಪಡಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಅವನು ನಂಬಿದ್ದು ಕಿಡ್ನಿಯನ್ನಲ್ಲ, ಸತ್ತವರನ್ನು ಎಬ್ಬಿಸುವ ದೇವರನ್ನು. ಈಸ್ಟರ್ ದಿನ ನಸುಕಿನಲ್ಲಿ ನಮ್ಮ ಮನೆಯವರು ಅಪ್ಪನ ಸಮಾಧಿಗೆ ಮೇಣದಬತ್ತಿ ಹಚ್ಚಲು ಹೋಗುತ್ತೇವೆ. ಚಿಕ್ಕಂದಿನಿಂದ ಅವನು ಕಂಡ ಈಸ್ಟರ್ ಅದೇ. ಕತ್ತಲು, ಮಣ್ಣಿನ ವಾಸನೆ, ಹಾಡು, ಆಮೇಲೆ ಬೆಳಗು.

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂದಿದ್ದು ನಿಮಗೆಲ್ಲ ನೆನಪಿರಬೇಕು. ಬೆಂಗಳೂರಿನಲ್ಲಿ ಎಷ್ಟೋ ಜನ ಆಗ ಕಣ್ಣುದಾನಕ್ಕೆ ಹೆಸರು ಬರೆಸಿದರು. ತಮ್ಮನೂ ಬರೆಸಿದ. ದೊಡ್ಡಮ್ಮ ಗಾಬರಿಯಾದರು. “ಪುನರುತ್ಥಾನದ ದಿನ ಕಣ್ಣಿಲ್ಲದೆ ಏಳ್ತೀಯೇನೋ?” ಅಂದರು. ಅವನು ಹೇಳಿದ: “ಮಣ್ಣಾಗಿ ಹೋದವನನ್ನ ಎಬ್ಬಿಸೋ ದೇವರಿಗೆ ಎರಡು ಕಣ್ಣು ಹೆಚ್ಚಾ ದೊಡ್ಡಮ್ಮ?”

ಅವನು ಹೋಗಿದ್ದು ಮನೆಯಲ್ಲೇ, ನಿದ್ದೆಯಲ್ಲಿ, ಹೃದಯ ನಿಂತು. ಸಾವಾದ ಆರು ಗಂಟೆಯ ಒಳಗೆ ಕಣ್ಣು ತೆಗೆಯಬೇಕು ಅಂತ ಗೊತ್ತಿತ್ತು. ಫೋನಿನಲ್ಲಿ ಹೇಳಿಸಿಕೊಂಡ ಹಾಗೆ ಫ್ಯಾನ್ ಆರಿಸಿದೆ. ತಲೆಯ ಕೆಳಗೆ ಇನ್ನೊಂದು ದಿಂಬು ಇಟ್ಟೆ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟೆ. ಕಣ್ಣಿನ ಬ್ಯಾಂಕಿನವರು ಬರುವ ತನಕ ಅಮ್ಮ ಅವನ ಕಾಲ ಹತ್ತಿರ ಕೂತು, ಪಾದ ಒತ್ತುತ್ತಿದ್ದರು.

ತಿಂಗಳು ತುಂಬಿದ ಆ ಭಾನುವಾರ, ಆಂಟಿ ಗೇಟಿನ ಹತ್ತಿರ ಕೇಳಿದ ಆ ಆರಾಧನೆಗೆ, ಆಂಟಿಯೂ ಬಂದರು. ಚಪ್ಪಲಿ ಹೊರಗೆ ಬಿಟ್ಟು ಕೊನೆಯ ಸಾಲಿನಲ್ಲಿ ಕೂತರು. ಕಾಣಿಕೆ ಎತ್ತಿದರು. ಅಯ್ಯನವರು ಕವರುಗಳನ್ನು ಓದುತ್ತಾ ಬಂದು ಒಂದರ ಮುಂದೆ ತಡೆದರು. ಅಕ್ಷರ ನಮ್ಮಮ್ಮನದು, ಸೊಟ್ಟ ಸೊಟ್ಟ. ಕಾರಣದ ಗೆರೆಯಲ್ಲಿ ಎರಡೇ ಪದ.

“ಎರಡು ಕಣ್ಣಿಗಾಗಿ ಸ್ತೋತ್ರ” ಅಂತ ಓದಿದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಮುಂದಿನ ಕವರು ತೆಗೆದರು. ಅದು ಯಾರದೋ ಹೊಸ ಸ್ಕೂಟರಿನದು.